ಎಂಟು ಸೆಕೆಂಡಿನ ಗಣಪತಿ

ಘಂಟೆ ಒಂದೇ ಒಂದು ಸಲ ಬಾರಿಸಿತು.

ಹನುಮಂತರಾಯಪ್ಪನವರ ಅಂಗೈಯಲ್ಲಿದ್ದ ಫೋನಿನ ಪರದೆಯ ಮೇಲೆ ಗಣಪತಿ ಮೂಡಿದ. ಕೆಂಪು ದಾಸವಾಳ, ಎಡಗಡೆ ಹಿತ್ತಾಳೆಯ ದೀಪ, ಗೋಡೆಯ ಮೇಲೆ ಸೊಂಡಿಲಿನ ನೆರಳು. ಶಾಂಭವಿ ಪರದೆಯತ್ತ ಬಾಗಿದಳು. ಅದು ಅವಳದೇ ಗಣಪತಿ. ಅಜ್ಜಿಯ ದೇವರಗೂಡಿನ ಮುಂದೆ ನಿಂತು ಅವಳೇ ತೆಗೆದ ಚಿತ್ರ. ಅಜ್ಜಿಯ ಕೈಯ ಘಂಟೆ.

ಎಂಟು ಸೆಕೆಂಡಿಗೆ ದೇವರು ಮರೆಯಾದ. ಜೈಲಿನ ಕಂಬಿಯಾಚೆ ಕುಳಿತ ಮಗನಿಗೆ ಕುರುಡಿ ತಾಯಿ ಪದ್ಯ ಹೇಳುವ ದೃಶ್ಯ ತೆರೆದುಕೊಂಡಿತು. ಹನುಮಂತರಾಯಪ್ಪನವರು ಹಣ ಹಾಕಿ ತೆಗೆಯುತ್ತಿದ್ದ ಮೊದಲ ಸಿನಿಮಾದ ಕೊನೆಯ ರೀಲು. ಲೋಕದಲ್ಲಿ ನಾಲ್ಕೇ ಜನ ನೋಡಿರಬೇಕಾದ ದೃಶ್ಯ.

"ಸೆನ್ಸಾರೇ ಆಗಿಲ್ಲ ನನ್ ಪಿಚ್ಚರ್ರು! ಸಂಗೀತಾನೇ ಕೂಡಿಸಿಲ್ಲ! ಆಗ್ಲೇ ದಾಸರಹಳ್ಳೀಲಿ ಹತ್ತು ರೂಪಾಯಿಗೆ ಮೆಮೊರಿ ಕಾರ್ಡಿಗೆ ತುಂಬ್ತಾವ್ರೆ!" ಹನುಮಂತರಾಯಪ್ಪ ಗುಡುಗಿದರು. "ಯೋಳಮ್ಮೀ. ಈ ಗಣಪನ್ನ ಕೂರ್ಸೋರು ಯಾರು?"

"ನಾನೇ ಸಾರ್. ಆದ್ರೆ—"

"ಆದ್ರೆ ಗೀದ್ರೆ ಬ್ಯಾಡ. ಬ್ಯಾರೆ ಯಾರಾದ್ರೂ ಕೂರ್ಸ್ತಾರಾ?"

"ಇಲ್ಲ ಸಾರ್."

ಮಾತು ಹೊರಬಿದ್ದ ಮೇಲೆ ಅದು ತನ್ನ ಕೊರಳಿಗೇ ಸುತ್ತಿಕೊಂಡಿತೆಂದು ಅವಳಿಗೆ ಗೊತ್ತಾಯಿತು.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಇನ್ನೂ ಏಳುತ್ತಿದ್ದ ವರ್ಷ ಅದು. ಪೀಣ್ಯದ ಆ ಕಟ್ಟಡ ಹನುಮಂತರಾಯಪ್ಪನವರದೇ. ಕೆಳಗೆ ಲೇತ್ ಕಾರ್ಖಾನೆ. ಮೇಲಿನ ಈ ಕೋಣೆ ಹಿಂದೆ ಔಷಧಿ ಇಡುವ ಕೋಲ್ಡ್ ರೂಮ್ ಆಗಿತ್ತು. ಗೇಣು ದಪ್ಪದ ಗೋಡೆ, ಕಿಟಕಿಯಿಲ್ಲ, ಬಾಗಿಲಿನ ಹಿಡಿಕೆ ಹೊರಗಡೆ ಮಾತ್ರ. ಕೆಳಗೆ ಕಬ್ಬಿಣ ಕಿರುಚಿದರೂ ಒಳಗೆ ಸೊಳ್ಳೆಯ ಸದ್ದು ಕೇಳುವಷ್ಟು ಮೌನ. ಅದಕ್ಕೆಂದೇ ಸಂಗೀತ ನಿರ್ದೇಶಕ ಈಶಪ್ಪ ಅದನ್ನು ಸ್ಟುಡಿಯೋ ಮಾಡಿಕೊಂಡಿದ್ದರು. ದಿನವೂ ಬಾಗಿಲ ಸಂದಿಗೆ ಮರದ ತುಂಡೊಂದನ್ನು ಕೊಟ್ಟು ಕೂರುವುದು ರೂಢಿ. ಇವತ್ತು ಹನುಮಂತರಾಯಪ್ಪ ಒಳಗೆ ಬಂದವರೇ ಆ ತುಂಡನ್ನು ಕಾಲಿನಿಂದ ಒದ್ದಿದ್ದರು. ಬಾಗಿಲು ಗುಡ್ಡದ ಬಂಡೆಯಂತೆ ಬಂದು ಕೂತಿತ್ತು. ಇನ್ನು ಹೊರಗಿನವರು ತೆಗೆದರೇ ಉಂಟು. ಅವರ ಅಪ್ಪಣೆಯಂತೆ ಎಲ್ಲರ ಫೋನುಗಳೂ ಮೇಜಿನ ಮೇಲಿನ ಸ್ಟೀಲ್ ಡಬರಿ ಸೇರಿದ್ದವು.

ಶಾಂಭವಿಯ ಕೆಲಸ ಕೇಳಲು ಸಣ್ಣದು. ಎಡಿಟರ್ ಲೋಕೇಶನ ಕಂಪ್ಯೂಟರಿನಿಂದ ಬರುವ ವಿಡಿಯೋ ಫೈಲುಗಳು ಈಶಪ್ಪನವರ ಸಾಫ್ಟ್‌ವೇರಿಗೆ ಹಿಡಿಸುತ್ತಿರಲಿಲ್ಲ. ಚಿತ್ರ ನೋಡುತ್ತ ಅದರ ಕೆಳಗೆ ಸ್ವರ ಕೂಡಿಸುವ ಆ ಸಾಫ್ಟ್‌ವೇರಿನಲ್ಲಿ ತೆರೆದರೆ ಕಪ್ಪು ಪರದೆ. ಇಲ್ಲವೇ ಮಾತುಂಟು, ಮುಖವಿಲ್ಲ. ಅವನ್ನು ಒಂದು ಕೂದಲೆಳೆಯೂ ಹಿಂದುಮುಂದಾಗದಂತೆ ಬೇರೆ ಬಗೆಯ ಫೈಲಾಗಿ ಬದಲಿಸಿ ಕೊಡುವವಳು ಅವಳು. ವಿಘ್ನನಾಯಕನನ್ನು ನೆನೆಯದೆ ಕಾವ್ಯ ಮೊದಲಾಗುತ್ತದೆಯೇ? ಹಾಗೆಂದು ಪ್ರತಿ ಫೈಲಿನ ತಲೆಗೆ ಎಂಟು ಸೆಕೆಂಡು ಗಣಪತಿ. ಈಶಪ್ಪನವರೂ ಒಂಬತ್ತನೆಯ ಸೆಕೆಂಡಿಗೆ ಸರಿಯಾಗಿ ಮೊದಲ ಸ್ವರ ಇಡುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಈ ಸಲ ಟೈಟಲ್ಲಿನಲ್ಲಿ 'ಸಂಗೀತ ಸಹಾಯ: ಶಾಂಭವಿ' ಎಂದು ಹಾಕಿಸುವ ಮಾತೂ ಆಗಿತ್ತು.

ಈಗ ಆ ಹೆಸರು ಬೇರೆ ಕಡೆ ಏರಲು ಸಿದ್ಧವಾಗಿತ್ತು.

"ನಾಕು ಗಂಟೆಗೆ ಸ್ಟೇಸನ್ನಿಗೆ ಓಗ್ತೀನಿ. ಅಷ್ಟ್ರೊಳಗೆ ಒಪ್ಕೊಂಡ್ರೆ ಸರಿ," ಎಂದ ಹನುಮಂತರಾಯಪ್ಪ ಬಾಗಿಲು ಗುದ್ದಿದರು. "ಗದಿಗೆಪ್ಪಾ! ಬಾಪ್ಪ ಒಳೀಕೆ. ಕಂಪ್ಲೇಂಟ್ ಬರಿ."

ಬಾಗಿಲು ತೆರೆದು ಮರದ ತುಂಡನ್ನು ಮತ್ತೆ ಸಂದಿಗೆ ಕೊಟ್ಟು ಗದಿಗೆಪ್ಪ ಒಳಗೆ ಬಂದರು. ಕಟ್ಟಡದ ಸೆಕ್ಯುರಿಟಿ, ಹಣೆಯಲ್ಲಿ ವಿಭೂತಿ. ಹಾವೇರಿ ಕಡೆಯ ಠಾಣೆಯೊಂದರಲ್ಲಿ ಇಪ್ಪತ್ತು ವರ್ಷ ರೈಟರ್ ಆಗಿ ದೂರು, ಹೇಳಿಕೆ, ಪಂಚನಾಮೆ ಬರೆದು ಬೆರಳಿಗೆ ಗಂಟು ಕಟ್ಟಿದ್ದ ಮನುಷ್ಯ. ಮಾತು ಕಡಿಮೆ. ಕಾಗದದಡಿ ಕಾರ್ಬನ್ ಇಟ್ಟು ಪೆನ್ನಿನ ಮುಚ್ಚಳ ತೆಗೆದರು.

"ಬರ್ಕೋ. ಈ ಉಡುಗಿ ಶಾಂಭವಿ ನನ್ ಪಿಚ್ಚರ್ ಕದ್ದವ್ಳೆ."

ಗದಿಗೆಪ್ಪ 'ಶಾಂಭವಿ' ಎಂದು ಬರೆದರು. ಅಲ್ಲಿಗೇ ನಿಲ್ಲಿಸಿದರು. "ಯಜಮಾನ್ರ, ಕಂಪ್ಲೇಂಟ್ ಅಂದ್ರ ಬೈಗಳಲ್ರಿ. ದಿನ, ಹೊತ್ತು, ಜಾಗ ಬೇಕು. ಇಲ್ಲಾಂದ್ರ ಠಾಣಿಯವ್ರು ನಿಮ್ಮನ್ನ ತಿರುಗಿ ಕಳಸ್ತಾರ. ನಾಕು ಮಾತು ಕೇಳ್ಲೇನು?"

"ಕೇಳು, ಕೇಳು. ಬೇಗ."

"ಯವ್ವಾ, ಈ ರೀಲು ನಿನ್ನ ಕೈಗೆ ಬಂದದ್ದು ಯಾವಾಗ?"

"ಶುಕ್ರವಾರ. ಲೋಕೇಶ್ ಹಾರ್ಡ್ ಡಿಸ್ಕಲ್ಲಿ ತಂದ್ಕೊಟ್ರು. ಶನಿವಾರ ಕನ್ವರ್ಟ್ ಮಾಡ್ದೆ."

"ಆಮ್ಯಾಲ ನೀ ಮಾಡಿದ ಫೈಲು ಎಲ್ಲೆಲ್ಲಿ ಹೋತು?"

"ಎಲ್ಲೂ ಹೋಗಿಲ್ಲ. ನನ್ನ ಕಂಪ್ಯೂಟರು, ಈಶಪ್ಪ ಮೇಷ್ಟ್ರ ಕಂಪ್ಯೂಟರು, ಅಷ್ಟೇ."

"ಲೋಕೇಶಗ ಕೊಡಲಿಲ್ಲೇನು?"

"ಹಳೇ ರೀಲುಗಳನ್ನ ಕೊಟ್ಟಿದ್ದೆ, ಸರಿಯಿದ್ಯಾ ನೋಡೋಕೆ. ಇದನ್ನ ಇನ್ನೂ ಕೊಟ್ಟಿಲ್ಲ."

ಮೂಲೆಯ ಕುರ್ಚಿಯಲ್ಲಿದ್ದ ಲೋಕೇಶ್ ಎರಡೂ ಕೈ ಎತ್ತಿದ. "ನೋಡಿ ಸಾರ್, ಅವ್ರೇ ಹೇಳ್ತಿದಾರೆ. ನನ್ಹತ್ರ ಈ ಗಣಪತಿ ಫೈಲೇ ಇಲ್ಲ. ನನಗೂ ಬೇಜಾರೇ. ಮೇಡಂ ಅಂಥೋರಲ್ಲ ಅಂದ್ಕೊಂಡಿದ್ದೆ."

ಶಾಂಭವಿಗೆ ಉಸಿರು ಸಾಲದಾಯಿತು. ನಿಜ ಹೇಳಿದಷ್ಟೂ ಗೋಡೆ ಹತ್ತಿರ ಬರುತ್ತಿತ್ತು. ಈಶಪ್ಪನವರ ಮುಖ ನೋಡಿದಳು. ಅವರು ನೆಲ ನೋಡುತ್ತಿದ್ದರು. ಒಂದು ಗಳಿಗೆ ಅವಳ ಮನಸ್ಸಿಗೂ ಹೊಲಸು ಯೋಚನೆ ಬಂತು: ನಾನಲ್ಲ ಅಂದ ಮೇಲೆ ಉಳಿದವರು ಮೇಷ್ಟ್ರೇ ಅಲ್ಲವೇ? ಅದೇ ಯೋಚನೆ ಅವರ ತಲೆಯಲ್ಲೂ ತಿರುಗುತ್ತಿರಬೇಕು.

"ನಿನಗೂ ಲೋಕೇಶಗೂ ಮನಸ್ತಾಪ ಏನರ?"

"ಒಂದ್ಸಲ ಆಗಿತ್ತು. ಮೊದಲ್ನೇ ರೀಲಿಗೆ ತಪ್ಪು ಕಾಪಿ ತಂದಿದ್ರು. ಚಾನೆಲ್‌ನವರಿಗೆ ತೋರ್ಸೋಕೆ ಅಂತ ಮಾಡಿದ್ದ ಟಿವಿ ಕಾಪಿ. ಚಿತ್ರಕ್ಕೂ ಸ್ವರಕ್ಕೂ ತಾಳ ಕೂಡ್ತಿರ್ಲಿಲ್ಲ. ಎಲ್ಲರ ಮುಂದೇನೇ ಹೇಳಿ ವಾಪಸ್ ಕಳಿಸ್ದೆ."

"ಅಯ್ಯೋ, ಅದನ್ನ ನಾನ್ ಅವತ್ತೇ ಮರ್ತೆ ಬಿಡಿ," ಲೋಕೇಶ್ ನಕ್ಕ.

"ಈ ಫೋನಿನಾಗಿಂದು ತಂದವ್ರು ಯಾರು?"

"ನಾನೇ ಸಾರ್. ಬೆಳಿಗ್ಗೆ ದಾಸರಹಳ್ಳಿ ಬಸ್‌ಸ್ಟಾಪಲ್ಲಿ ಹುಡುಗ್ರು ನೋಡ್ತಿದ್ರು. ಎದೆ ಧಸಕ್ ಅಂತು. ಅಂಗಡಿಗೆ ಹೋಗಿ ನನ್ನ ಕಾರ್ಡಿಗೂ ಹಾಕಿಸ್ಕೊಂಡು ಸೀದಾ ಯಜಮಾನ್ರ ಮನೆಗೆ ಬಂದ್ಬಿಟ್ಟೆ. ಸಾಕ್ಷಿ ಬೇಕಲ್ಲ?"

"ಅಂಗಡ್ಯಾಗ ಹಾಕಿಸಿದ್ದು ಇದ್ದದ್ದಿದ್ದಂಗ ಐತಿ? ನೀ ಏನೂ ಮುಟ್ಟಿಲ್ಲ?"

"ಏನೂ ಇಲ್ಲ ಗುರು. ಹಂಗೇ ಇದೆ."

ಗದಿಗೆಪ್ಪ ಅದನ್ನು ಅಕ್ಷರ ಬಿಡದೆ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟರು.

"ನೀವೆಲ್ಲಾರೂ ಇದನ್ನ ನೋಡೀರಿ. ಯಾರರ ಕೇಳೀರೇನು?"

"ಏನಯ್ಯಾ ಅಂಗಂದ್ರೆ?"

"ಕೇಳೂದು, ಯಜಮಾನ್ರ."

ಅವರು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಓಡಿಸಿದರು. ಈಗ ಗಣಪತಿ ಕಾಣಲಿಲ್ಲ. ಘಂಟೆ ಕೇಳಿತು. ಪದ್ಯದ ಜೊತೆಗೇ ಧ್ವನಿಮುದ್ರಿಸಿದ್ದ ತಂಬೂರಿ ಕೇಳಿತು. ತಾಯಿಯ ದನಿ ಕೇಳಿತು. ಗದಿಗೆಪ್ಪ ಕಣ್ಣು ಮುಚ್ಚಿದ್ದರು. ಬೆರಳು ಮೊಣಕಾಲಿನ ಮೇಲೆ ಮಾತ್ರೆ ಎಣಿಸುತ್ತಿತ್ತು, ಮೂರು-ನಾಲ್ಕು, ಮೂರು-ನಾಲ್ಕು. ಆ ಕೋಣೆಯ ಮೌನದಲ್ಲಿ ಪದ್ಯ ನೀರಿನಂತೆ ಹರಡಿತು.

"ಏನಯ್ಯಾ, ಭಜನೆ ಕೇಳ್ದಂಗೆ ಕೂತ್ಬುಟ್ಟೆ!"

"ಈ ಅವ್ವ ಓಡ್ಯಾಳ್ರಿ," ಗದಿಗೆಪ್ಪ ಕಣ್ಣು ತೆರೆದರು. "ನಮ್ಮಪ್ಪ ಶ್ರಾವಣದಾಗ ಮಠದೊಳಗ ಪುರಾಣ ಓದಾಂವ. ನಾ ಕಂಬಕ್ಕ ಒರಗಿ ಕೇಳಾಂವ, ಹದಿನೈದು ವರ್ಷ. ಮೂರನೇ ಸಾಲಿನ ಕೊನಿಗೆ ಓದುಗ ನಿಂದರ್ತಾನ. ಆ ನಿಲುಗಡಿಯೊಳಗ ಕೇಳಾಂವಗ ಒಂದು ಉಸಿರು ಸಿಗಬೇಕು. ಈಕಿ ನಿಂದ್ರತಾಳ. ಆದ್ರ ನನಗ ಉಸಿರು ಸಿಗವಲ್ದು. ಈಶಪ್ಪನವರ, ನಿಮ್ಮ ಕಂಪ್ಯೂಟರಿನ್ಯಾಗಿಂದು ಒಂದೀಟು ಹಚ್ರಿ."

ಈಶಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಎದ್ದು ಸ್ಟುಡಿಯೋ ಪ್ರತಿ ಓಡಿಸಿದರು. ಗಣಪತಿ, ಘಂಟೆ, ತಂಬೂರಿ, ತಾಯಿ. ಮೂರನೆಯ ಸಾಲು ಮುಗಿಯಿತು. ತಾಯಿ ನಿಂತಳು. ಶಾಂಭವಿಯ ಎದೆಯೊಳಗೆ ಬೆಳಗಿನಿಂದ ಕಟ್ಟಿಕೊಂಡಿದ್ದ ಉಸಿರು ತಾನಾಗಿ ಹೊರಬಿತ್ತು.

ಈಶಪ್ಪನವರ ತಲೆ ಎದ್ದಿತು.

"ಇನ್ನೊಂದ್ಸಲ ಆ ಫೋನ್ ಹಾಕ್ರಿ."

ಅವರು ಹಾರ್ಮೋನಿಯಂ ಎಳೆದುಕೊಂಡರು. ಸ್ಟುಡಿಯೋ ಪ್ರತಿಯ ತಂಬೂರಿ ಬಿಳಿ ಐದರ ಮೇಲೆ, ಎಂದರೆ ಐದನೆಯ ಬಿಳಿ ಮೆಟ್ಟಿನ ಮೇಲೆ, ಕೂತಿತು, ಬೀಗಕ್ಕೆ ಕೀಲಿಯಂತೆ. ಫೋನಿನ ತಂಬೂರಿ ಐದನ್ನು ದಾಟಿತ್ತು, ಪಕ್ಕದ ಕಪ್ಪು ಮೆಟ್ಟಾದ ಐದೂವರೆಯನ್ನು ಮುಟ್ಟಿರಲಿಲ್ಲ. ಎರಡು ಮೆಟ್ಟಿನ ನಡುವೆ ಎಲ್ಲೋ ತೂಗಾಡುತ್ತಿತ್ತು.

"ಶ್ರುತಿ ಏರಿದೆ," ಈಶಪ್ಪ ಪಿಸುಗುಟ್ಟಿದರು. "ಥೂ, ನನ್ ಕಿವಿಗೆ ಏನಾಗಿತ್ತು? ಸಿಟ್ಟಲ್ಲಿ ಬರೀ ಗಣಪತಿ ನೋಡ್ದೆ."

"ಘಂಟಿ ನೋಡ್ರಿ. ಎರಡರದೂ."

ಈಶಪ್ಪ ನೋಡಿದರು. ಸ್ಟುಡಿಯೋ ಪ್ರತಿಯ ಘಂಟೆ, ಫೋನಿನ ಘಂಟೆ ಎರಡೂ ಒಂದೇ ಮೆಟ್ಟಿನಲ್ಲಿ, ಕೂದಲಷ್ಟೂ ವ್ಯತ್ಯಾಸವಿಲ್ಲದೆ ಕೂತವು.

"ಸಾರ್, ಮೊಬೈಲ್ ಸ್ಪೀಕರ್ ಸಾರ್ ಅದು!" ಲೋಕೇಶನ ದನಿ ಚೂರು ಎತ್ತರವಾಗಿತ್ತು. "ಡಬ್ಬಾ ಸೌಂಡು. ಅದ್ರಲ್ಲೇನ್ ಶ್ರುತಿ ನೋಡ್ತೀರಾ?"

"ಸ್ಪೀಕರ್ ಕೆಟ್ರ ಘಂಟೀನೂ ಕೆಡಬೇಕಲ್ಲಪಾ," ಎಂದರು ಗದಿಗೆಪ್ಪ, ಮೆತ್ತಗೆ. ಎದ್ದು ಹೊರನಡೆದರು. ಮರದ ತುಂಡು ಅಲ್ಲೇ ಇತ್ತು. ಸಂದಿಯಿಂದ ಲೇತಿನ ಸದ್ದು ದಾರದಂತೆ ಒಳಬರುತ್ತಿತ್ತು. ಶಾಂಭವಿ ಆ ಬೆರಳಗಲದ ಬೆಳಕನ್ನೇ ನೋಡುತ್ತ ಕೂತಳು. ಗೋಡೆಯ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

ಐದು ನಿಮಿಷಕ್ಕೆ ಗದಿಗೆಪ್ಪ ಒಬ್ಬನನ್ನು ಕರೆತಂದರು. ಲೇತ್ ಓಡಿಸುವ ರೇವಣಸಿದ್ದ. ಮೈಯೆಲ್ಲ ಎಣ್ಣೆ, ಕಣ್ಣಲ್ಲಿ ಭಯ.

"ಎಪ್ಪಾ, ನಾ ಏನ್ ಮಾಡೇನ್ರಿ? ಎಲ್ಲಾರೂ ಹಾಕಿಸ್ಕೊಂಡ್ರು, ನಾನೂ ಹಾಕಿಸ್ಕೊಂಡೆ. ಆ ಮುದುಕಿ ಪದ ಹೇಳೂದು ಕೇಳಿ ನಮ್ಮವ್ವನ ನೆನಪಾತು. ಈ ಗದಿಗೆಪ್ಪನವರಿಗೂ ಮುಂಜಾನಿ ಚಾ ಕುಡಿಯೋವಾಗ ತೋರಿಸೀನಿ."

"ಎಂದು ಹಾಕಿಸ್ಕೊಂಡಿ?"

"ರವಿವಾರ ಸಂತಿಗೆ ಹೋದಾಗ್ರಿ, ಅದ ದಾಸರಹಳ್ಳಿ ಅಂಗಡ್ಯಾಗ."

"ಹಚ್ಚು."

ರೇವಣಸಿದ್ದ ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿ ಗುಂಡಿ ಒತ್ತಿದ. ಘಂಟೆ ಬಾರಿಸಲಿಲ್ಲ. ದೀಪವಿಲ್ಲ, ದಾಸವಾಳವಿಲ್ಲ. ಸೀದಾ ಜೈಲಿನ ಕಂಬಿ, ತಾಯಿಯ ಮುಖ.

"ಗಣಪ ಎಲ್ಲೋದ?" ಎಂದರು ಹನುಮಂತರಾಯಪ್ಪ.

ರೇವಣಸಿದ್ದ ಫೋನನ್ನು ಅವರತ್ತ ತಿರುಗಿಸಿದ.

"ಇವನ ಫೋನಿನಾಗ ಗಣಪತಿ ಬಂದೇ ಇಲ್ರಿ," ಗದಿಗೆಪ್ಪ ಹೇಳಿದರು. "ಯವ್ವಾ ಶಾಂಭವಿ, ನಿನ್ನ ಫೈಲಿನಾಗ ಈ ದೃಶ್ಯ ಎಷ್ಟು ಹೊತ್ತೈತಿ? ದೇವರನ್ನ ಬಿಟ್ಟು?"

ಅವಳಿಗೆ ಈಗ ದನಿ ಬಂದಿತ್ತು. "ಸರಿಯಾಗಿ ಐದು ನಿಮಿಷ."

"ರೇವಣಸಿದ್ದಾ, ನಿಂದು?"

"ನಾಕು ನಿಮಿಷ... ನಾಲ್ವತ್ತೆಂಟು ಸೆಕೆಂಡ್ರಿ."

"ಲೋಕೇಶ್ ತಂದದ್ದು?"

ಹನುಮಂತರಾಯಪ್ಪ ತಾವೇ ಫೋನು ಎತ್ತಿ ಕಣ್ಣು ಕಿರಿದು ಮಾಡಿ ಓದಿದರು. "ನಾಕು ಐವತ್ತಾರು."

"ಎಂಟು ಸೆಕೆಂಡು ಗಣಪತಿ ಕಳೀರಿ."

"ನಾಕು ನಲವತ್ತೆಂಟು!" ಶಾಂಭವಿ ಎದ್ದು ನಿಂತಳು. ಬೆಳಗಿನಿಂದ ಕಣ್ಣಿಗೆ ಕಟ್ಟಿದ್ದ ಪೊರೆ ಹರಿದಂತಾಯಿತು. "ಐದು ನಿಮಿಷಕ್ಕೆ ಹನ್ನೆರಡು ಸೆಕೆಂಡು ಕಮ್ಮಿ... ಸಾರ್, ಸಿನಿಮಾ ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ ಓಡತ್ತೆ. ಟಿವಿ ಇಪ್ಪತ್ತೈದು. ಅದೇ ಚಿತ್ರಗಳನ್ನ ಟಿವಿ ಲೆಕ್ಕಕ್ಕೆ ಓಡಿಸಿದ್ರೆ ಬೇಗ ಮುಗಿಯತ್ತೆ, ದನೀನೂ ಮೇಲೇರತ್ತೆ. ಇದು ನನ್ನ ಫೈಲ್ ಅಲ್ಲ. ಟಿವಿ ಕಾಪಿ. ಮೊದಲ್ನೇ ರೀಲಲ್ಲಿ ನಾನು ವಾಪಸ್ ಕಳಿಸಿದ್ನಲ್ಲ, ಅಂಥದ್ದೇ!"

"ಟಿವಿ ಕಾಪಿ ಈ ಕೋಣ್ಯಾಗ ಐತೇನು?"

"ಇಲ್ಲ. ಕನ್ವರ್ಟ್ ಮಾಡೋಕೆ ಅದು ಬರೋದೇ ಇಲ್ಲ."

"ಯಾರ ಹತ್ರ ಇರ್ತೈತಿ?"

ಅವಳು ಹೇಳಬೇಕಾಗಲಿಲ್ಲ. ಎಲ್ಲರ ಕಣ್ಣೂ ಮೂಲೆಯ ಕುರ್ಚಿಯತ್ತ ತಿರುಗಿದ್ದವು.

ಗದಿಗೆಪ್ಪ ತಾವು ಬರೆದುಕೊಂಡಿದ್ದ ಹಾಳೆ ಎತ್ತಿದರು. "ಗಣಪತಿಯ ಘಂಟಿ ಸರಿ ಶ್ರುತಿಯೊಳಗ ಐತಿ. ಅವನ ಹಿಂದಿನ ಸಿನಿಮಾ ಏರಿದ ಶ್ರುತಿಯೊಳಗ. ಒಂದೇ ಫೈಲ್ ಕದ್ದಿದ್ರ ಎರಡೂ ಸರಿ ಇರಬೇಕು, ಇಲ್ಲಾ ಎರಡೂ ಏರಬೇಕು. ಇಲ್ಲಿ ತಲಿ ಒಬ್ಬರದು, ಮುಂಡ ಇನ್ನೊಬ್ಬರದು. ಮುಂಡ ನಿನ್ನ ಟಿವಿ ಕಾಪಿ, ಲೋಕೇಶಪ್ಪ. ಅದು ರವಿವಾರಾನ ಊರು ಸೇರೇತಿ, ತಲಿ ಇಲ್ಲದ. ತಲಿ ಆಮ್ಯಾಲ ಬಂತು. ಈಕಿ ನಿನಗ ನೋಡಾಕ ಕೊಟ್ಟ ಹಳೇ ರೀಲಿಂದ ಕೊಯ್ದು ಅಂಟಿಸಿದಿ. ಗಣಪತಿಗೆ ಆನೀ ತಲಿ ಹಚ್ಚಿದಾಗ ಜೀವ ಬಂತು. ನೀ ಹಚ್ಚಿದ್ದು ಒಂದು ಹೆಣ್ಣುಮಗಳ ಜೀವ ತಗೀಲಾಕ."

"ಅಂಗಡೀಲೇ ಹಂಗಿತ್ತು—"

"'ಏನೂ ಮುಟ್ಟಿಲ್ಲ' ಅಂದಿ. ಬರ್ಕೊಂಡೀನಿ. ಹೋಗೂಣೇನು ಅಂಗಡಿಗೆ? ಅವನ ಕಂಪ್ಯೂಟರಿನ್ಯಾಗ ಗಣಪತಿ ಇದ್ರ ನಾ ನಿನ್ನ ಕಾಲು ಹಿಡೀತೀನಿ."

ಲೋಕೇಶ್ ಬಾಗಿಲ ಸಂದಿ ನೋಡಿದ. ಅಲ್ಲಿ ರೇವಣಸಿದ್ದ ನಿಂತಿದ್ದ. ನೋಡುನೋಡುತ್ತಿದ್ದಂತೆ ಅವನ ಮುಖ ಕುಸಿಯಿತು.

"ಅಂಗಡಿ ನಮ್ ಚಿಕ್ಕಪ್ಪನ ಮಗಂದು ಸಾರ್," ಎಂದ. "ಮಾರೋಕಲ್ಲ, ದೇವ್ರಾಣೆಗೂ ಅಲ್ಲ. 'ಮಗಾ, ಇದು ನಾನ್ ಕಟ್ ಮಾಡಿದ್ದು ಕಣೋ' ಅಂತ ತೋರಿಸ್ದೆ. ಮನೇಲಿ ಯಾರೂ ನನ್ ಕೆಲಸ ನಂಬಲ್ಲ. ಮದುವೆ ವಿಡಿಯೋ ಲೋಕ ಅಂತಾರೆ. ಅವನು ಕಾಪಿ ಹೊಡ್ಕೊಂಡ. ಭಾನುವಾರ ನೋಡಿದ್ರೆ ಊರೆಲ್ಲ... ನನಗೆ ದಾರೀನೇ ಕಾಣ್ಲಿಲ್ಲ. ಯಜಮಾನ್ರಿಗೆ ಹೆಂಗಿದ್ರೂ ಗೊತ್ತಾಗತ್ತೆ. ಯಾರ್ದಾದ್ರೂ ಹೆಸ್ರು ಬೇಕಿತ್ತು."

"ನಂದೇ ಬೇಕಿತ್ತಾ?" ಶಾಂಭವಿ ಕೇಳಿದಳು.

ಅವನು ತಲೆಯೆತ್ತಲಿಲ್ಲ. "ನಿಮ್ದು ಮಾತ್ರ ಗುರುತು ಇತ್ತು, ಮೇಡಂ."

ಹೌದು. ಭಕ್ತಿಯಿಂದ ಇಟ್ಟದ್ದೇ ಗುರುತಾಗಿತ್ತು.

ಹನುಮಂತರಾಯಪ್ಪ ಮೀಸೆ ತಿರುವಿದರು. ಶಾಂಭವಿಯ ಮುಖ ನೋಡಲು ಅವರಿಗೆ ಆಗಲಿಲ್ಲ. ಕೊನೆಗೆ ಗದಿಗೆಪ್ಪನವರ ಕೈಯ ಹಾಳೆ ಕಿತ್ತುಕೊಂಡು, ಪೆನ್ನು ತೆಗೆದು, ಮೊದಲ ಸಾಲಿನ 'ಶಾಂಭವಿ' ಎಂಬುದರ ಮೇಲೆ ಗೆರೆ ಎಳೆಯಲು ಹೋದರು. "ಇದನ್ನ ಒಡೆದಾಕಿ ಮೇಲ್ಗಡೆ ಇವನ ಎಸ್ರು ಬರದ್ರಾಯ್ತು."

ಗದಿಗೆಪ್ಪ ಅವರ ಕೈ ಹಿಡಿದರು.

"ಬ್ಯಾಡ್ರಿ. ಹಾಳೀನ ಹರೀರಿ. ಬರಿಯೂದಿದ್ರ ಹೊಸಾದು ಬರಿಯೂಣು. ಒಬ್ಬರ ಹೆಸರಿನ ಮ್ಯಾಲ ಇನ್ನೊಬ್ಬರ ಹೆಸರು ಹಚ್ಚೂದು ಬ್ಯಾಡ. ಇವತ್ತಿಗೆ ತಲಿ ಬದಲಿಸಿದ್ದು ಸಾಕು."

ಹನುಮಂತರಾಯಪ್ಪ ಹರಿದರು. ಕಾರ್ಬನ್ ಕೆಳಗಿನ ಪ್ರತಿಯನ್ನೂ ಗದಿಗೆಪ್ಪ ನೆನಪಿಸಿದರು. ಅದನ್ನೂ ಹರಿದರು.

ಅವರೆಲ್ಲ ಕೆಳಗಿಳಿದ ಮೇಲೆ ಈಶಪ್ಪ ತಡವರಿಸಿದರು. "ಶಾಂಭವೀ... ನಾನೂ ಒಂದು ಗಳಿಗೆ—"

"ನಾನೂ ಸಾರ್. ನಿಮ್ಮ ಮೇಲೆ."

ಇಬ್ಬರೂ ಅಷ್ಟಕ್ಕೇ ನಿಲ್ಲಿಸಿದರು. ಇನ್ನೂ ಒಂದು ರೀಲಿನ ತಿದ್ದುಪಡಿ ಬಾಕಿಯಿತ್ತು. ಅವಳು ಕಂಪ್ಯೂಟರಿನ ಮುಂದೆ ಕೂತು ಫೈಲು ತೆರೆದಳು. ಫೈಲಿನ ತಲೆಗೆ ಬಂದಾಗ ಕೈ ತಡೆಯಿತು. ಗಣಪತಿ ಕಾಯುತ್ತಿದ್ದ. ಬೇಡವೇ? ಗುರುತಿಲ್ಲದವರನ್ನು ಯಾರೂ ಹಿಡಿಯಲಾರರು.

"ಮೇಷ್ಟ್ರೇ, ಒಂಬತ್ತನೇ ಸೆಕೆಂಡಿಂದಾನೇ ತಾನೇ?" ಎಂದು ಕೇಳಿದಳು.

"ಮತ್ತೆ? ಹಾಗೇ ಲೆಕ್ಕ ಹಾಕ್ಕೊಂಡು ಕೂತಿದೀನಿ."

ಅವಳು ಎದ್ದು ಹೋಗಿ ಮರದ ತುಂಡನ್ನು ಸಂದಿಯಿಂದ ತೆಗೆದು, ಬಾಗಿಲನ್ನು ಗೋಡೆಗೆ ಮುಟ್ಟುವಷ್ಟು ಹಾರು ಹೊಡೆದು, ಅದರ ಬುಡಕ್ಕೆ ಕೊಟ್ಟಳು. ಲೇತುಗಳ ಕಿರುಚಾಟ ಒಮ್ಮೆಗೇ ಒಳನುಗ್ಗಿತು. ಅದರ ನಡುವೆಯೇ, ಬಿಳಿ ಐದಕ್ಕೆ ಏನೂ ಸಂಬಂಧವಿಲ್ಲದ ತನ್ನದೇ ಶ್ರುತಿಯಲ್ಲಿ, ಅಜ್ಜಿಯ ಘಂಟೆ ಒಂದು ಸಲ ಬಾರಿಸಿತು.